ವಿದ್ಯುತ್ತಿಗೊಬ್ಬ ನೀರುಗಂಟಿ

ನಾಗಮಂಗಲ ತಾಲ್ಲೂಕಿನ ಹೊಣಕೆರೆಯ ಹೆಸರಿನಲ್ಲಿಯೇ ಕೆರೆ ಇದೆ. ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯ ತೂಬನ್ನು ಎತ್ತಿ ಇಳಿಸುವುದು ನೀರುಗಂಟಿಯ ಕೆಲಸ. ರೈತರು ತಮತಮಗೆ ತೋಚಿದಂತೆ ಅದನ್ನು ಮುಟ್ಟುವಂತಿರಲಿಲ್ಲ. ಒಬ್ಬನ ಗದ್ದೆ ತುಂಬಿತೆಂದು ತೂಬನ್ನು ಮುಚ್ಚಿಬಿಟ್ಟರೆ ಮತ್ತೊಬ್ಬನ ಪೈರು ಒಣಗೀತಲ್ಲವೆ? ಗಣಕಯಂತ್ರದ ಒಳಗೂ ಇಂಥ ನೀರುಗಂಟಿಯೊಬ್ಬನುಂಟು. ಅವನ ಕೈಯಲ್ಲಿರುವುದು ವಿದ್ಯುತ್ತಿನ ತೂಬು.

ಮೊಬೈಲಿನ ಬ್ಯಾಟರಿ ಸುಮಾರು 3.7 ವೋಲ್ಟು ಕೊಡುತ್ತದೆ. ಒಳಗಿನ ಭಾಗಗಳಿಗಾದರೋ ಒಂದೊಂದಕ್ಕೆ ಒಂದೊಂದು ಅಳತೆ ಬೇಕು. ಹೆಚ್ಚಾದರೆ ಭಾಗ ಸುಟ್ಟೀತು. ಕಡಮೆಯಾದರೆ ಕೆಲಸ ತಪ್ಪೀತು. ತಕ್ಕ ಅಳತೆಯನ್ನು ಒದಗಿಸುವ ಚಿಕ್ಕ ಮಂಡಲಕ್ಕೆ ವೋಲ್ಟೇಜ್ ನಿಯಂತ್ರಕವೆಂದು ಹೆಸರು. ಕೆಲವು ನಿಯಂತ್ರಕಗಳಿಗೆ ಅಂಕಿಗಳ ರೂಪದಲ್ಲಿ ಆಜ್ಞೆ ಹೋಗುತ್ತದೆ. ಸರಳವಾದವುಗಳಿಗೆ ಸಂಸ್ಕಾರಕದ ಒಂದು ಪಿನ್ನೇ ಸಾಕು. ಪಿನ್ನಿಗೆ ಎರಡೇ ಸ್ಥಿತಿ: ಮೇಲು, ಕೆಳಗು. ಕೆಲವು ಕಡೆ ಇದರಿಂದ ವಿದ್ಯುತ್ತು ಹರಿಯುತ್ತದೆ ಅಥವಾ ನಿಲ್ಲುತ್ತದೆ. ಇನ್ನು ಕೆಲವು ಕಡೆ ಎರಡು ವೋಲ್ಟೇಜುಗಳಲ್ಲಿ ಒಂದು ಆಯ್ಕೆಯಾಗುತ್ತದೆ.

ಈ ಪಿನ್ನನ್ನು ಆಡಿಸುವವರು ಯಾರು? 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ರೂಪುಗೊಂಡು 2001ರಲ್ಲಿ ಪ್ರಕಟವಾದ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರ ನಡೆದದ್ದೂ ಲಿನಕ್ಸಿನಿಂದಲೇ; ಇಂದಿನ ಆಂಡ್ರಾಯ್ಡ್ ಫೋನುಗಳೂ ಅದರ ಕರ್ನೆಲನ್ನೇ ಆಶ್ರಯಿಸಿವೆ. ಯಂತ್ರದ ಒಂದೊಂದು ಭಾಗವನ್ನೂ ನಡೆಸಲು ಕರ್ನೆಲಿನಲ್ಲಿ ಡ್ರೈವರ್ ಎಂಬ ಒಂದೊಂದು ಕ್ರಮವಿಧಿ ಇದೆ. ಇಬ್ಬರು ಡ್ರೈವರುಗಳಿಗೆ ಒಂದೇ ನಿಯಂತ್ರಕ ಆಧಾರವಾಗಿದ್ದು, ಒಬ್ಬನು ಕೆಲಸ ಮುಗಿಸಿ ಪಿನ್ನನ್ನು ಕೆಳಗಿಳಿಸಿದರೆ ಮತ್ತೊಬ್ಬನ ಭಾಗ ನಡುವಿನಲ್ಲೇ ಸ್ತಬ್ಧವಾಗುತ್ತದೆ. ಆದ್ದರಿಂದ 2008ರಲ್ಲಿ ನಿಯಂತ್ರಕಗಳಿಗೆಂದೇ ಒಂದು ಮಧ್ಯಸ್ಥ ವ್ಯವಸ್ಥೆ ಕರ್ನೆಲಿಗೆ ಸೇರಿತು. ಡ್ರೈವರುಗಳು ‘ಬೇಕು’, ‘ಸಾಕು’ ಎಂದಷ್ಟೇ ಹೇಳುತ್ತವೆ. ಮಧ್ಯಸ್ಥನು ಲೆಕ್ಕವಿಡುತ್ತಾನೆ, ಕಟ್ಟಕಡೆಯವನು ಸಾಕೆಂದ ಮೇಲೆಯೇ ತೂಬನ್ನು ಮುಚ್ಚುತ್ತಾನೆ.

ಮೆಮೊರಿ ಕಾರ್ಡಿನ ನಿದರ್ಶನವನ್ನು ನೋಡೋಣ. ವೇಗದ ಕಾರ್ಡು ಮೊದಲು 3.3 ವೋಲ್ಟಿನ ಸಂಕೇತಗಳಲ್ಲಿ ಮಾತನಾಡಿ, ಬಳಿಕ ಒಪ್ಪಿಗೆಯಿತ್ತು 1.8 ವೋಲ್ಟಿಗೆ ಇಳಿಯುತ್ತದೆ. ಆಗ ಗಡಿಯಾರದ ಮಿಡಿತವನ್ನು ನಿಲ್ಲಿಸಿ, ಪಿನ್ನನ್ನು ಬದಲಿಸಿ, ಕನಿಷ್ಠ 5 ಮಿಲಿಸೆಕೆಂಡು ಕಾಯಬೇಕು. ಇಳಿದ ಕಾರ್ಡು ಮತ್ತೆ 3.3ಕ್ಕೆ ಏರಬೇಕಾದರೆ ಅದರ ವಿದ್ಯುತ್ತನ್ನೇ ಒಮ್ಮೆ ಕಡಿದು ಕೊಡಬೇಕು. ಕಡಿಯಲು ಬೇರೊಂದು ಪಿನ್ನಿಲ್ಲದ ಯಂತ್ರವನ್ನು ಮರುಚಾಲನೆ ಮಾಡಿದರೆ ಕಾರ್ಡು ಮೂಕವಾಗಿ ಕುಳಿತುಬಿಡಬಹುದು.

ಯಾವ ಪಿನ್ನು ಯಾವ ನಿಯಂತ್ರಕಕ್ಕೆ, ಮೇಲಿದ್ದರೆ ಎಷ್ಟು ವೋಲ್ಟು, ಕೆಳಗಿದ್ದರೆ ಎಷ್ಟು ಎಂಬುದನ್ನು ಕರ್ನೆಲ್ ತಾನಾಗಿ ಅರಿಯದು. ಎಂಜಿನಿಯರು ಬರೆದ ವಿವರಪಟ್ಟಿಯೇ ಅದಕ್ಕೆ ಪ್ರಮಾಣ. ಅಲ್ಲಿ 1.8 ಮತ್ತು 3.3 ಅದಲುಬದಲಾದರೆ ಕ್ರಮವಿಧಿ ಒಂದಿಷ್ಟೂ ತಪ್ಪದೆ ನಡೆದೂ ಕಾರ್ಡಿಗೆ ಹಾನಿಯಾಗಬಹುದು. ಬೇರೆ ತಂತ್ರಾಂಶದ ತಪ್ಪನ್ನು ನಾಳೆ ತಿದ್ದಿಕೊಳ್ಳಬಹುದು. ಸುಟ್ಟ ಬಿಲ್ಲೆಯನ್ನು ತಿದ್ದಲಾಗದು. ನೀರುಗಂಟಿ ಎಷ್ಟೇ ನಿಷ್ಠನಾಗಿದ್ದರೂ ಯಾವ ತೂಬು ಯಾವ ಬಯಲಿಗೆಂಬುದನ್ನು ಅವನಿಗೆ ಸರಿಯಾಗಿ ತಿಳಿಸಿರಬೇಕು.