ಗಡ್ಡೆಯೊಳಗಿನ ಆಮ್ಲಜನಕ ಅಳೆಯುವ ಅಯಸ್ಕಾಂತ

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ 2020-21ರ ಕೋವಿಡ್ ಕಾಲದಲ್ಲಿ ಊರೂರಿಗೂ ಪರಿಚಯವಾಯಿತು. ಅದು ತೋರಿಸುವುದು ರಕ್ತದಲ್ಲಿರುವ ಆಮ್ಲಜನಕವನ್ನು ಮಾತ್ರ. ಆ ರಕ್ತದಿಂದ ಮಾಂಸಖಂಡಕ್ಕೆ, ಕ್ಯಾನ್ಸರ್ ಗಡ್ಡೆಯ ಒಳಭಾಗಕ್ಕೆ ಎಷ್ಟು ತಲುಪಿತು ಎಂಬುದು ಅದಕ್ಕೆ ತಿಳಿಯದು. ಬೆರಳಿನಲ್ಲಿ 98 ಇದ್ದರೂ ಗಡ್ಡೆಯ ನಡುಭಾಗ ಉಸಿರುಗಟ್ಟಿರಬಹುದು.

ಹಾಗಾದರೆ ನಷ್ಟವೇನು? ನಮ್ಮ ಕಡೆ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆ ಆಮ್ಲಜನಕ ಕಡಿಮೆಯಿರುವ ಕಡೆ ಸರಿಯಾಗಿ ನಾಟುವುದಿಲ್ಲ. ಅಂಥ ಜೀವಕೋಶಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕು. ಸೂಜಿ ಚುಚ್ಚಿ ಆಮ್ಲಜನಕ ಅಳೆಯುವ ವಿಧಾನವಿದೆ, ನಿಜ. ಆದರೆ ವಾರಗಟ್ಟಲೆ ನಡೆಯುವ ಚಿಕಿತ್ಸೆಯಲ್ಲಿ ದಿನಾ ಚುಚ್ಚಲಾದೀತೆ?

ಇಲ್ಲಿ ಅಯಸ್ಕಾಂತ ನೆರವಿಗೆ ಬರುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅಯಸ್ಕಾಂತದಿಂದ ತುಸು ದೂರ ಸರಿಯುತ್ತದೆ, ಆಮ್ಲಜನಕ ಬಿಟ್ಟುಕೊಟ್ಟದ್ದು ಅದರತ್ತ ಸೆಳೆಯಲ್ಪಡುತ್ತದೆ. ಇದನ್ನು ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ತೋರಿಸಿದ್ದರು. ಈ ವ್ಯತ್ಯಾಸ ಎಂಆರ್‌ಐ ಚಿತ್ರದಲ್ಲೂ ಕಾಣುತ್ತದೆ ಎಂದು 1990ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಸೈಜಿ ಒಗಾವಾ ಇಲಿಗಳ ಮಿದುಳಿನಲ್ಲಿ ಕಂಡುಕೊಂಡರು. ಆದರೆ ಈ ಚಿತ್ರ ಹೊಳೆಯ ನೀರು ಏರಿತೋ ಇಳಿಯಿತೋ ಎಂದಷ್ಟೇ ಹೇಳುತ್ತದೆ, ಎಷ್ಟು ಅಡಿ ಎಂದು ಹೇಳುವುದಿಲ್ಲ.

ಲೆಕ್ಕ ಬೇಕಾದರೆ ಎಂಆರ್‌ಐಯ ದಾಯಾದಿಯಂತಿರುವ ಇ.ಪಿ.ಆರ್. ವಿಧಾನವಿದೆ. ಅಮೆರಿಕದ ಡಾರ್ಟ್‌ಮತ್‌ನಲ್ಲಿ ಹೆರಾಲ್ಡ್ ಸ್ವಾರ್ಟ್ಸ್ ಅವರ ತಂಡ ಇದನ್ನು ರೋಗಿಗಳವರೆಗೆ ತಂದಿತು. ಉಪಾಯ ಕೇಳಿದರೆ ನಮ್ಮ ಅಜ್ಜಿಯಂದಿರಿಗೂ ಅರ್ಥವಾದೀತು: ಹಚ್ಚೆ! ಇಂಗಾಲದ ಕಣಗಳಿರುವ ಕಪ್ಪು ಶಾಯಿಯನ್ನು ಅಳೆಯಬೇಕಾದ ಜಾಗಕ್ಕೆ ಒಮ್ಮೆ ಚುಚ್ಚುತ್ತಾರೆ. ಆ ಕಣಗಳಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್‌ಗಳಿವೆ. ಅಯಸ್ಕಾಂತದ ನಡುವೆ ಇಟ್ಟು ಮೈಕ್ರೋವೇವ್ ತರಂಗ ಹಾಯಿಸಿದರೆ ಅವು ಒಂದು ಸಂಕೇತ ಕೊಡುತ್ತವೆ. ಆಮ್ಲಜನಕದ ಅಣುವೂ ಪುಟ್ಟ ಅಯಸ್ಕಾಂತವೇ ಆದ್ದರಿಂದ ಅದು ಹತ್ತಿರ ಸುಳಿದಷ್ಟೂ ಸಂಕೇತದ ಗೆರೆ ಅಗಲವಾಗುತ್ತದೆ. ಆ ಅಗಲವೇ ಅಳತೆ. ಚುಚ್ಚುವುದು ಒಂದೇ ಸಲ, ಮತ್ತೆ ವಾರಗಟ್ಟಲೆ ಹೊರಗಿನಿಂದಲೇ ಅಳೆಯಬಹುದು.

ರೋಗಿಗೆ ಶುದ್ಧ ಆಮ್ಲಜನಕ ಉಸಿರಾಡಲು ಕೊಟ್ಟು ಗಡ್ಡೆಯಲ್ಲಿ ಅಳತೆ ಏರುತ್ತದೆಯೇ ಎಂದೂ ನೋಡುತ್ತಾರೆ. ಕೆಲವರಲ್ಲಿ ಏರುತ್ತದೆ, ಕೆಲವರಲ್ಲಿ ಇಲ್ಲ. ಯಾರಿಗೆ ಯಾವ ಹೊತ್ತಿನಲ್ಲಿ ವಿಕಿರಣ ಕೊಟ್ಟರೆ ಹೆಚ್ಚು ನಾಟೀತು ಎಂಬ ಹುಡುಕಾಟಕ್ಕೆ ಇದೇ ಆಧಾರ.

ಶಾಯಿಯ ವಿಧಾನ ಚರ್ಮದಿಂದ ಸುಮಾರು ಒಂದು ಸೆಂಟಿಮೀಟರ್ ಆಳಕ್ಕಷ್ಟೇ ನಡೆಯುತ್ತದೆ. ಸ್ಕ್ಯಾನಿಂಗ್ ಸೆಂಟರಿಗೆ ಡಾಕ್ಟರ ಚೀಟಿ ಒಯ್ದು ಮಾಡಿಸಿಕೊಳ್ಳುವ ಪರೀಕ್ಷೆ ಇದಲ್ಲ, ಸದ್ಯಕ್ಕೆ ಸಂಶೋಧನಾ ಕೇಂದ್ರಗಳ ಕೆಲಸ.