ಸೂಕ್ಷ್ಮ ಚಲನ ಸಂವೇದಕಗಳು: ಪರೀಕ್ಷೆಯ ವೆಚ್ಚ ಮತ್ತು ಕಾರ್ಖಾನೆಯೊಳಗಿನ ಸಂಶೋಧನೆ

ಕಾರು ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯಲು ಸೂಚನೆ ನೀಡುವುದು ‘ಮೆಮ್ಸ್’ ಎಂಬ ಸೂಕ್ಷ್ಮ ಚಲನ ಸಂವೇದಕ. ಇದರಲ್ಲಿ ಸಿಲಿಕಾನ್‌ನ ಪುಟ್ಟ ತೂಕವೊಂದು ಸಿಲಿಕಾನ್‌ನದೇ ಸ್ಪ್ರಿಂಗ್‌ಗಳ ಆಧಾರದಲ್ಲಿ ನಿಂತಿರುತ್ತದೆ. ವೇಗ ಬದಲಾದೊಡನೆ ತೂಕ ಸರಿದು, ಪಕ್ಕದ ಫಲಕಗಳೊಡನೆ ಅದರ ಅಂತರ ವ್ಯತ್ಯಾಸವಾಗುತ್ತದೆ. ಅದನ್ನು ವಿದ್ಯುತ್ ಸಂಕೇತವಾಗಿ ಅಳೆಯಲಾಗುತ್ತದೆ. ಅಮೆರಿಕದ ಅನಲಾಗ್ ಡಿವೈಸಸ್ ಸಂಸ್ಥೆ 1991ರಲ್ಲಿ ಪ್ರಕಟಿಸಿದ ಎಡಿಎಕ್ಸ್‌ಎಲ್-50 ಸಂವೇದಕದಲ್ಲಿ ಈ ಅಂತರ ಸುಮಾರು 1.3 ಮೈಕ್ರೋಮೀಟರ್ ಮಾತ್ರ.

ಪರೀಕ್ಷೆಯೇ ದುಬಾರಿ

ಸಾಮಾನ್ಯ ಚಿಪ್ಪನ್ನು ವಿದ್ಯುತ್ ಸಂಕೇತಗಳಿಂದಲೇ ಪರೀಕ್ಷಿಸಬಹುದು. ಚಲನ ಸಂವೇದಕವನ್ನಾದರೋ ಓರೆಮಾಡಿ, ತಿರುಗಿಸಿ, ಅಲುಗಾಡಿಸಿ ನೋಡಬೇಕು. ವಾಹನಕ್ಕೆ ಬಳಸುವುದಾದರೆ ಶೀತ ಮತ್ತು ಉಷ್ಣಗಳಲ್ಲಿಯೂ ನೋಡಬೇಕು. ಇದಕ್ಕೆ ವಿಶೇಷ ಯಂತ್ರಗಳೂ ಹೆಚ್ಚಿನ ಸಮಯವೂ ಬೇಕು. ದೋಷಯುಕ್ತ ಬಿಡಿಭಾಗ ತೇರ್ಗಡೆಯಾದರೆ ಪ್ರಯಾಣಿಕರ ಪ್ರಾಣಕ್ಕೆ ಅಪಾಯ. ಉತ್ತಮವಾದುದು ತಿರಸ್ಕೃತವಾದರೆ ತಯಾರಕರಿಗೆ ನಷ್ಟ.

ಆದ್ದರಿಂದ ಫಲಕಗಳಿಗೆ ವೋಲ್ಟೇಜ್ ನೀಡಿ, ಅದರ ಸೆಳೆತದಿಂದಲೇ ತೂಕವನ್ನು ಸರಿಸಿ ಪರೀಕ್ಷಿಸುವ ವಿಧಾನಗಳ ಸಂಶೋಧನೆ ನಡೆದಿದೆ. ಆದರೆ ಸೆಳೆತದ ಬಲವು ಫಲಕಗಳ ಅಂತರವನ್ನು ಅವಲಂಬಿಸಿದೆ. ಆ ಅಂತರವೂ ಸ್ಪ್ರಿಂಗಿನ ಅಗಲವೂ ತಯಾರಿಕೆಯಲ್ಲಿ ತುಸು ಏರುಪೇರಾಗುತ್ತವೆ. ಸ್ಪ್ರಿಂಗಿನ ಬಿಗುವು ಅಗಲದ ಘನಕ್ಕೆ ಅನುಗುಣವಾಗಿರುವುದರಿಂದ, ಅಗಲ ಶೇ. 10 ಕಡಿಮೆಯಾದರೆ ಬಿಗುವು ಶೇ. 27ರಷ್ಟು ಕುಸಿಯುತ್ತದೆ. ವಿದ್ಯುತ್ ಪರೀಕ್ಷೆಯ ಫಲಿತಾಂಶದಿಂದ ನಿಜವಾದ ಸಂವೇದನೆಯನ್ನು ಲೆಕ್ಕಹಾಕಲು ಈ ಏರುಪೇರುಗಳ ಅಂಕಿ-ಅಂಶ ಅಗತ್ಯ. ಅದು ದೊರೆಯುವುದು ಉತ್ಪಾದನಾ ಘಟಕದಲ್ಲಿ. ಅದನ್ನು ವಿಶ್ಲೇಷಿಸುವ ವಿದ್ವತ್ತು ವಿಶ್ವವಿದ್ಯಾಲಯದಲ್ಲಿ.

ಫ್ರಾನ್ಸಿನ ಮಾದರಿ

ಇವೆರಡನ್ನೂ ಬೆಸೆಯಲು ಫ್ರಾನ್ಸ್ 1981ರಲ್ಲಿ ‘ಸಿಫ್ರ್’ ಯೋಜನೆಯನ್ನು ಆರಂಭಿಸಿತು. ಅದರಂತೆ ಸಂಸ್ಥೆಯು ಪಿಎಚ್.ಡಿ. ವಿದ್ಯಾರ್ಥಿಯನ್ನು 3 ವರ್ಷ ವೇತನದ ಮೇಲೆ ನೇಮಿಸಿಕೊಳ್ಳುತ್ತದೆ. ಸರ್ಕಾರ ಸಂಸ್ಥೆಗೆ ಸಹಾಯಧನ ನೀಡುತ್ತದೆ. ಪ್ರಯೋಗಾಲಯ ಮಾರ್ಗದರ್ಶನ ಒದಗಿಸುತ್ತದೆ. ಸಣ್ಣ ಉದ್ದಿಮೆಗಳಿಗೂ ಇದು ಮುಕ್ತ. ಫಲಿತಾಂಶದ ಒಡೆತನ ಹಾಗೂ ಗೋಪ್ಯತೆಯನ್ನು ಸಂಸ್ಥೆ ಮತ್ತು ಪ್ರಯೋಗಾಲಯಗಳು ಒಪ್ಪಂದದಲ್ಲಿ ನಿಗದಿಪಡಿಸಿಕೊಳ್ಳುತ್ತವೆ.

ಸಂವೇದಕ ತಯಾರಿಸದ ಉದ್ಯಮಿಗಳಿಗೂ ಇಲ್ಲೊಂದು ಪಾಠವಿದೆ. ಬಿಡಿಭಾಗವನ್ನು ಹೇಗೆ ಅಳೆಯಬೇಕೆಂಬುದನ್ನು ನಕ್ಷೆ ಸಿದ್ಧಪಡಿಸುವಾಗಲೇ ತೀರ್ಮಾನಿಸಿದರೆ ಪರೀಕ್ಷೆಯ ವೆಚ್ಚ ತಗ್ಗುತ್ತದೆ. ತಿರಸ್ಕೃತ ಮಾಲಿನ ಅಳತೆಗಳನ್ನು ಕಸದೊಡನೆ ಎಸೆಯದೆ ದಾಖಲಿಸಿಟ್ಟರೆ, ಸಮೀಪದ ಎಂಜಿನಿಯರಿಂಗ್ ಕಾಲೇಜಿನ ಸಂಶೋಧಕರೊಡನೆ ಕೈಜೋಡಿಸಲು ಅದೇ ಮೊದಲ ಬಂಡವಾಳವಾಗುತ್ತದೆ.