ಪ್ರಶಸ್ತಿ ಯಾರಿಗೆ ಗೊತ್ತು, ಪಾಠ ಹೇಗೆ ಗೊತ್ತೇ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರ ನೋಟ್ಸ್ ತೆರೆದರೆ ಈ ಸಾಲು ಕಣ್ಣಿಗೆ ಬೀಳಬಹುದು: ‘ಜಾಗತಿಕ ಶಿಕ್ಷಕ ಪ್ರಶಸ್ತಿ, 2020 – ರಣಜಿತ್‌ಸಿಂಹ ಡಿಸಲೆ, ಮಹಾರಾಷ್ಟ್ರ.’ ನಾಲ್ಕು ಆಯ್ಕೆಗಳಲ್ಲಿ ಸರಿಯಾದುದನ್ನು ಗುರುತಿಸಿದರೆ ಒಂದು ಅಂಕ ಸಿಗುತ್ತದೆ, ಅಲ್ಲಿಗೆ ಆ ಮೇಷ್ಟ್ರ ಕಥೆ ಮುಗಿಯುತ್ತದೆ. ಆದರೆ ಅವರು ತರಗತಿಯಲ್ಲಿ ಮಾಡಿದ್ದೇನು? ಈ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ನಾವೂ ಹುಡುಕುವುದಿಲ್ಲ.

ಹುಡುಕಿದರೆ ಕನ್ನಡಿಗರಿಗೆ ಅಚ್ಚರಿ ಕಾದಿದೆ. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿ ಎಂಬ ಹಳ್ಳಿಯ ಜಿಲ್ಲಾ ಪರಿಷತ್ ಶಾಲೆಗೆ ಡಿಸಲೆ ಬಂದಿದ್ದು 2009ರಲ್ಲಿ. ಆಗ ಒಂದು ಪಕ್ಕದಲ್ಲಿ ದನದ ಕೊಟ್ಟಿಗೆ, ಇನ್ನೊಂದು ಪಕ್ಕದಲ್ಲಿ ಉಗ್ರಾಣ, ನಡುವೆ ಪಾಳುಬಿದ್ದ ಶಾಲೆ. ಹೆಣ್ಣುಮಕ್ಕಳು ಶಾಲೆಗೆ ಬರುವುದೇ ಅಪರೂಪವಾಗಿತ್ತು. ಬಂದವರಿಗೂ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಕಾರಣ ಸರಳ: ಮಕ್ಕಳ ಮನೆಮಾತು ಕನ್ನಡ, ಪಠ್ಯಪುಸ್ತಕ ಇದ್ದದ್ದು ಬೇರೆ ಭಾಷೆಯಲ್ಲಿ. ‘ಈ ಮಕ್ಕಳು ದಡ್ಡರು’ ಎಂದು ಷರಾ ಬರೆದು ಸುಮ್ಮನಾಗುವುದು ಸುಲಭವಿತ್ತು. ಅವರು ಹಾಗೆ ಮಾಡದೆ ತಾವೇ ಕನ್ನಡ ಕಲಿತರು. 1ರಿಂದ 4ನೇ ತರಗತಿಯ ಪುಸ್ತಕಗಳನ್ನು ಮರುರೂಪಿಸಿ, ಅವುಗಳಿಗೆ ಕ್ಯುಆರ್ ಕೋಡ್ ಜೋಡಿಸಿದರು. ಮೊಬೈಲ್ ಹಿಡಿದರೆ ಪದ್ಯ, ಕಥೆ, ಪಾಠ, ಅಭ್ಯಾಸ ಎಲ್ಲವೂ ಕನ್ನಡದಲ್ಲಿ ಕೇಳುವಂತಾಯಿತು. ನಂತರ ಮಹಾರಾಷ್ಟ್ರ ಸರ್ಕಾರವೇ ಪಠ್ಯಪುಸ್ತಕಗಳಲ್ಲಿ ಕ್ಯುಆರ್ ಕೋಡ್ ಅಳವಡಿಸಿತು. ಇಂದು ನಿಮ್ಮ ತಮ್ಮ, ತಂಗಿಯರ ಪುಸ್ತಕದಲ್ಲೂ ಅದನ್ನು ನೋಡಿರುತ್ತೀರಿ. ಬಹುಮಾನವಾಗಿ ಬಂದ 10 ಲಕ್ಷ ಡಾಲರ್‌ನಲ್ಲಿ ಅರ್ಧವನ್ನು ಡಿಸಲೆ ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು.

ಈ ಕಥೆಯಲ್ಲಿ ಸುದ್ದಿಯಾಗಿದ್ದು ಕ್ಯುಆರ್ ಕೋಡ್. ಆದರೆ ಕೋಡ್ ಅಂಟಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ಮಗು ಮನೆಯಲ್ಲಿ ಯಾವ ಭಾಷೆಯಲ್ಲಿ ಅಳುತ್ತದೆ, ನಗುತ್ತದೆ ಎಂದು ಗಮನಿಸಿದ್ದೇ ಅವರ ನಿಜವಾದ ಬೋಧನಾ ವಿಧಾನ. ಇದು ನಮಗೂ ಸಂಬಂಧಿಸಿದ ವಿಷಯ. ನಮ್ಮಲ್ಲೂ ತಾಂಡಾದಿಂದ ಲಂಬಾಣಿ ಮಾತಾಡುತ್ತಾ ಬರುವ ಮಕ್ಕಳಿದ್ದಾರೆ. ಗಡಿ ತಾಲ್ಲೂಕುಗಳಲ್ಲಿ ತೆಲುಗು, ಮರಾಠಿ, ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳಿದ್ದಾರೆ. ನಾಳೆ ನಮ್ಮಲ್ಲಿ ಕೆಲವರು ಅಂಥ ತರಗತಿಯಲ್ಲಿ ಸೀಮೆಸುಣ್ಣ ಹಿಡಿದು ನಿಲ್ಲುವವರೇ.

ಕೀನ್ಯಾದ ಪೀಟರ್ ಟಬಿಚಿ ಅವರದ್ದೂ ಇಂಥದ್ದೇ ಕಥೆ. 2019ರಲ್ಲಿ ಇದೇ ಪ್ರಶಸ್ತಿ ಪಡೆದ ಅವರು ಗಣಿತ ಮತ್ತು ಭೌತವಿಜ್ಞಾನ ಶಿಕ್ಷಕರು. ಅವರ ಹಳ್ಳಿಯ ಶಾಲೆಯಲ್ಲಿದ್ದದ್ದು ಒಂದೇ ಕಂಪ್ಯೂಟರ್, ಇಂಟರ್‌ನೆಟ್ ಅಷ್ಟಕ್ಕಷ್ಟೇ. ಸೈಬರ್ ಕೆಫೆಗೆ ಹೋಗಿ ಪಾಠದ ಸಾಮಗ್ರಿ ಇಳಿಸಿಕೊಂಡು ಬರುತ್ತಿದ್ದರು. ಸಂಬಳದ ಶೇ 80ರಷ್ಟನ್ನು ಬಡಮಕ್ಕಳಿಗೆ ಕೊಟ್ಟರು ಎಂಬುದು ಎಲ್ಲೆಡೆ ಪ್ರಚಾರವಾಯಿತು. ಅದು ದೊಡ್ಡ ಮನಸ್ಸು, ನಿಜ. ಆದರೆ ಶಿಕ್ಷಕರಾಗಿ ಅವರು ಮಾಡಿದ್ದು ಇನ್ನೂ ಇದೆ. ಬೇರೆ ಬೇರೆ ಬುಡಕಟ್ಟುಗಳ ಮಕ್ಕಳು ಒಟ್ಟಿಗೆ ಕೂರುವ ಆ ಶಾಲೆಯಲ್ಲಿ 2007ರ ಚುನಾವಣೆಯ ನಂತರದ ಹಿಂಸಾಚಾರದ ನೆನಪು ಹಸಿಯಾಗಿತ್ತು. ಅವರು ಶಾಂತಿ ಕ್ಲಬ್ ಕಟ್ಟಿದರು, ಎಲ್ಲ ಗುಂಪಿನ ಮಕ್ಕಳನ್ನೂ ಸೇರಿಸಿ ಚರ್ಚೆಗೆ ಕೂರಿಸಿದರು, ಗಿಡ ನೆಡಿಸಿದರು. ವಿಜ್ಞಾನ ಕ್ಲಬ್‌ಗೂ ಜೀವ ತುಂಬಿದರು. ಅಲ್ಲಿನ ವಿದ್ಯಾರ್ಥಿಗಳು ಅಮೆರಿಕದಲ್ಲಿ ನಡೆಯುವ ಅಂತರರಾಷ್ಟ್ರೀಯ ವಿಜ್ಞಾನ ಮೇಳಕ್ಕೆ ಆಯ್ಕೆಯಾದರು. ಅಕ್ಕಪಕ್ಕದ ಹುಡುಗನನ್ನು ನಂಬದ ಮಗು ಅವನ ಜೊತೆ ಪ್ರಯೋಗ ಮಾಡಲಾರದು ಎಂಬುದು ಅವರಿಗೆ ಅರ್ಥವಾಗಿತ್ತು.

2016ರ ವಿಜೇತೆ ಪ್ಯಾಲೆಸ್ಟೀನ್‌ನ ಹನಾನ್ ಅಲ್ ಹ್ರೂಬ್. ನಿರಾಶ್ರಿತರ ಶಿಬಿರದಲ್ಲಿ ಬೆಳೆದವರು. ಶಾಲೆಯಿಂದ ಮರಳುವ ದಾರಿಯಲ್ಲಿ ಗುಂಡಿನ ದಾಳಿ ಕಂಡ ಅವರ ಸ್ವಂತ ಮಕ್ಕಳು ಭಯದಿಂದ ಮಂಕಾದರು. ಮನೆಯಲ್ಲಿ ಆಟಗಳ ಮೂಲಕ ಅವರನ್ನು ಮತ್ತೆ ಚೇತರಿಸಿಕೊಳ್ಳುವಂತೆ ಮಾಡಿದ ಹನಾನ್, ಅದೇ ಆಟಗಳನ್ನು ತರಗತಿಗೆ ತಂದರು. ‘ಹಿಂಸೆ ಬೇಡ’ ಎಂಬುದು ಅವರ ತರಗತಿಯ ನಿಯಮ. ಗಲಾಟೆ ಮಾಡುವ ಮಗುವಿಗೆ ಶಿಕ್ಷೆ ಕೊಡುವುದಕ್ಕಿಂತ ಒಳ್ಳೆಯ ನಡತೆಯನ್ನು ಗುರುತಿಸಿ ಮೆಚ್ಚುವುದು ಅವರ ರೀತಿ.

ಮೂವರ ದೇಶ ಬೇರೆ, ವಿಷಯ ಬೇರೆ. ಆದರೆ ಮೂವರೂ ಮೊದಲು ಕೇಳಿಕೊಂಡ ಪ್ರಶ್ನೆ ಒಂದೇ: ಈ ಮಗುವಿನ ಕಲಿಕೆಗೆ ಅಡ್ಡ ಬಂದಿರುವುದು ಏನು? ಒಬ್ಬರಿಗೆ ಸಿಕ್ಕ ಉತ್ತರ ಭಾಷೆ, ಇನ್ನೊಬ್ಬರಿಗೆ ಅಪನಂಬಿಕೆ, ಮತ್ತೊಬ್ಬರಿಗೆ ಭಯ. ವಿಧಾನ ಹುಟ್ಟಿದ್ದು ಆ ಉತ್ತರದಿಂದ.

ಇಂಥ ಉದಾಹರಣೆಗೆ ದೂರ ಹೋಗಬೇಕಾಗಿಯೂ ಇಲ್ಲ. ‘ನಲಿ-ಕಲಿ’ಯಲ್ಲಿ ಓದಿದವರು ನಮ್ಮಲ್ಲೇ ಬಹಳ ಮಂದಿ ಇದ್ದೇವೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ತೂಗುವ ನಮ್ಮದೇ ಚಿತ್ರಗಳು, ಬಣ್ಣದ ಕಾರ್ಡುಗಳು, ನೆಲದಲ್ಲಿ ವೃತ್ತಾಕಾರವಾಗಿ ಕೂರುವ ‘ತಟ್ಟೆ’ಗಳು ನೆನಪಿರಬಹುದು. ಇದು ಆರಂಭವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಸರ್ಕಾರಿ ಶಾಲೆಯ ಶಿಕ್ಷಕರು ಅದನ್ನು ತಮ್ಮ ಮಕ್ಕಳಿಗೆ ಹೊಂದುವಂತೆ ಬದಲಿಸಿಕೊಂಡರು. ಒಬ್ಬರೇ ಶಿಕ್ಷಕರು, ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ. ಸುಗ್ಗಿ, ಜಾತ್ರೆ, ಕೂಲಿ ಎಂದು ಮಕ್ಕಳು ವಾರಗಟ್ಟಲೆ ಗೈರು – ಇದು ಹಳ್ಳಿ ಶಾಲೆಗಳ ಸಮಸ್ಯೆ. ಪಾಠವನ್ನು ಏಣಿಯ ಮೆಟ್ಟಿಲುಗಳಂತೆ ಚಿಕ್ಕ ಚಿಕ್ಕ ಭಾಗ ಮಾಡಿದಾಗ, ಹದಿನೈದು ದಿನ ಬಿಟ್ಟು ಬಂದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ‘ಪಾಠ ಮುಂದೆ ಹೋಗಿದೆ, ನೀನು ಹಿಂದೆ ಉಳಿದೆ’ ಎಂಬ ಮಾತೇ ಅಲ್ಲಿಲ್ಲ. ತಾಲ್ಲೂಕೊಂದರ ಪ್ರಯೋಗ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಅದನ್ನು ಮೊದಲು ಮಾಡಿ ನೋಡಿದ ಶಿಕ್ಷಕರ ಹೆಸರು ಯಾವ ಜಿ.ಕೆ. ಪುಸ್ತಕದಲ್ಲೂ ಕಾಣುವುದಿಲ್ಲ. ಆದರೂ ವಿಧಾನ ಉಳಿಯಿತು. ಅದನ್ನು ಬೇರೆಯವರೂ ಮಾಡಬಹುದಾದಷ್ಟು ಸ್ಪಷ್ಟವಾಗಿ ಬರೆದು, ಕಾರ್ಡು ಮಾಡಿ, ತೋರಿಸಿಕೊಟ್ಟಿದ್ದೇ ಕಾರಣ.

ಒಳ್ಳೆಯ ಶಿಕ್ಷಕರನ್ನು ಗುರುತಿಸುವುದು ಎಂದರೆ ಇದೇ ಎಂದು ನನಗನಿಸುತ್ತದೆ. ಶಾಲು, ಹಾರ, ಪೇಟದ ಸನ್ಮಾನ ವ್ಯಕ್ತಿಗೆ ಸಲ್ಲುತ್ತದೆ. ಆ ವ್ಯಕ್ತಿ ನಿವೃತ್ತರಾದ ದಿನ ಅವರ ಪಾಠದ ರೀತಿಯೂ ಮನೆಗೆ ಹೋದರೆ ಮುಂದಿನ ಬ್ಯಾಚಿನ ಮಕ್ಕಳಿಗೆ ಏನು ಉಳಿಯಿತು? ಸರ್ಕಾರದ ವ್ಯವಸ್ಥೆಯೂ ಸ್ವಲ್ಪ ಈ ಕಡೆಗೆ ತಿರುಗಿದೆ. 1958ರಲ್ಲಿ ಆರಂಭವಾದ ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿಯ ನಿಯಮಗಳು 2018ರಲ್ಲಿ ಬದಲಾದವು. ಈಗ ಶಿಕ್ಷಕರು ತಾವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ತಾವು ಮಾಡಿದ ಕೆಲಸದ ದಾಖಲೆ, ಫೋಟೊ, ವಿಡಿಯೊ ಒದಗಿಸಬೇಕು, ತೀರ್ಪುಗಾರರ ಮುಂದೆ ವಿವರಿಸಬೇಕು. ಖಾಸಗಿ ಟ್ಯೂಷನ್ ಮಾಡುವವರಿಗೆ ಅವಕಾಶವಿಲ್ಲ. ಇದು ಒಳ್ಳೆಯದೇ. ಆದರೆ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳಲು ಮುಜುಗರಪಡುವ ಶಿಕ್ಷಕರು ಹಳ್ಳಿ ಹಳ್ಳಿಯಲ್ಲಿದ್ದಾರೆ. ಅವರ ಪರವಾಗಿ ಮಾತಾಡಬಲ್ಲವರು ಅವರ ಕೈಯಲ್ಲಿ ಕಲಿತ ನಾವು ಮಾತ್ರ.

1921ರಲ್ಲಿ ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತಾಕ್ಕೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರಂತೆ. ಇಂದು ಸಾರೋಟು ಇಲ್ಲ, ಸ್ಟೇಟಸ್ ಇದೆ. ಸೆಪ್ಟೆಂಬರ್ 5ರಂದು ‘ಹ್ಯಾಪಿ ಟೀಚರ್ಸ್ ಡೇ’ ಎಂದು ಹಾಕಿ ಒಂದು ಹೂವಿನ ಚಿತ್ರ ಸೇರಿಸಿದರೆ ಕೆಲಸ ಮುಗಿಯಿತು. ‘ನಮ್ಮ ಮಿಸ್ ತುಂಬಾ ಚೆನ್ನಾಗಿ ಪಾಠ ಮಾಡ್ತಿದ್ರು’ ಎನ್ನುತ್ತೇವೆ. ಚೆನ್ನಾಗಿ ಎಂದರೆ ಹೇಗೆ?

ನಾನು ಬಿ.ಇಡಿ ವಿದ್ಯಾರ್ಥಿನಿ. ಶಾಲೆಗಳಲ್ಲಿ ಅಭ್ಯಾಸ ಪಾಠಕ್ಕೆ ಹೋದಾಗ ನೋಡಿದ ಗಣಿತ ಶಿಕ್ಷಕಿಯೊಬ್ಬರ ರೀತಿಯನ್ನು ಉದಾಹರಣೆಗೆ ಹೇಳುತ್ತೇನೆ. ಭಾಗಾಕಾರದ ಲೆಕ್ಕ ತಪ್ಪಾದರೆ, ಹೆಸರು ಹೇಳದೆ ಆ ತಪ್ಪು ಉತ್ತರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ‘ಈ ಉತ್ತರ ಬಂದಿದ್ದು ಹೇಗೆ ಅಂತ ಕಂಡುಹಿಡೀರಿ ನೋಡೋಣ’ ಎನ್ನುತ್ತಿದ್ದರು. ಇಡೀ ತರಗತಿ ಪತ್ತೇದಾರರಾಗಿಬಿಡುತ್ತಿತ್ತು. ತಪ್ಪು ಮಾಡಿದ ಮಗುವೇ ಕೊನೆಗೆ ಕೈಯೆತ್ತಿ ‘ಸೊನ್ನೆ ಬಿಟ್ಟುಹೋಗಿದೆ ಟೀಚರ್’ ಎನ್ನುತ್ತಿತ್ತು. ಇದಕ್ಕೆ ಪ್ರೊಜೆಕ್ಟರ್ ಬೇಕಿಲ್ಲ, ಅನುದಾನ ಬೇಕಿಲ್ಲ. ಇಷ್ಟು ವಿವರವಾಗಿ ಬರೆದಿಟ್ಟರೆ ಇನ್ನೊಬ್ಬ ಶಿಕ್ಷಕರು ನಾಳೆಯೇ ಮಾಡಿ ನೋಡಬಹುದು.

ನೀವೂ ಒಂದು ಕೆಲಸ ಮಾಡಿ. ನಿಮಗೆ ಕಲಿಸಿದ ಒಬ್ಬ ಮೇಷ್ಟ್ರನ್ನೋ ಟೀಚರನ್ನೋ ನೆನಪಿಸಿಕೊಂಡು ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ನಿಮಗೆ ಯಾವುದು ಕಷ್ಟವಾಗಿತ್ತು? ಅವರು ಅದನ್ನು ಹೇಗೆ ಗುರುತಿಸಿದರು? ಆಮೇಲೆ ಏನು ಮಾಡಿದರು? ಒಂದು ಪುಟ ಸಾಕು. ಒಂದು ಪ್ರತಿ ಅವರಿಗೆ ಕಳಿಸಿ, ಇನ್ನೊಂದನ್ನು ನೀವು ಓದಿದ ಶಾಲೆಯ ಮುಖ್ಯಶಿಕ್ಷಕರಿಗೆ ಕೊಡಿ. ಟಿಇಟಿ ಬರೆದು ನೇಮಕಾತಿಗೆ ಕಾಯುತ್ತಿರುವವರಾದರೆ ಮೂರನೆಯ ಪ್ರತಿಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಕಟ್‌ಆಫ್ ದಾಟಿ ಆರ್ಡರ್ ಕೈಗೆ ಬಂದ ಮೊದಲ ದಿನ, ನಲವತ್ತು ಮಕ್ಕಳ ಎಂಬತ್ತು ಕಣ್ಣುಗಳು ನಿಮ್ಮನ್ನೇ ನೋಡುವಾಗ, ಯಾವ ಗೈಡ್‌ಗಿಂತಲೂ ಹೆಚ್ಚು ಉಪಯೋಗಕ್ಕೆ ಬರುವುದು ಆ ಒಂದು ಪುಟವೇ.